ಮಂಗಳವಾರದ ಪಂಕ್ಚರ್

ಕೊರೊನಾ ಕಳೆದ ಮರುವರ್ಷದ ಮಾತು. ಬೆಸಗರಹಳ್ಳಿ ಕಡೆಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇತ್ತು, ಈಗಲೂ ಇದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ನನ್ನ ಕೈಯಲ್ಲಿ ಹಾಕಿದ ಪ್ಯಾಚು ಬಿಟ್ಟುಕೊಂಡಿತು ಅಂತ ಯಾರೂ ವಾಪಸ್ ಬಂದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಸವಿತಾ ದಿನಾ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಸುತ್ತಲ ಹೆಂಗಸರೆಲ್ಲ ನನ್ನನ್ನು ರಾಜಣ್ಣ ಅನ್ನುವವರು. ಅವಳು ಮಾತ್ರ ಅಣ್ಣ ಅಂದವಳಲ್ಲ. ‘ಗಾಳಿ ನೋಡಿ’ ಅಂದು ಆ ಕಡೆ ತಿರುಗಿ ನಿಲ್ಲುವಳು. ಅಷ್ಟಕ್ಕೇ ನಾನು ಆಸೆ ಇಟ್ಟುಕೊಂಡಿದ್ದೆ.

ಕಬ್ಬು ಕಡಿಯುವ ಕಾಲಕ್ಕೆ ಅವಳ ಹಿಂದಿನ ಟೈರು ಮೇಲಿಂದ ಮೇಲೆ ಪಂಕ್ಚರ್ ಆಗತೊಡಗಿತು. ಗಾಳಿ ಇಳಿಯುವುದು ಪ್ರತಿ ಸಲವೂ ನನ್ನ ಅಂಗಡಿ ಹತ್ತಿರವೇ. ಮೂರನೆಯ ಸಲ ಗಿರಾಕಿಗಳ ಎದುರಿಗೇ ಕೇಳಿಬಿಟ್ಟಳು: ‘ಯಾಪಾರ ಇಲ್ದಿದ್ರೆ ಬಾಯ್ಬುಟ್ಟು ಏಳು ರಾಜಣ್ಣ. ರೋಡಿಗ್ಯಾಕೆ ಮೊಳೆ ಚೆಲ್ತೀಯ?’

ಮೊಳೆಗಿಂತ ಆ ಅಣ್ಣ ಜಾಸ್ತಿ ಚುಚ್ಚಿತು. ಎದುರಿನ ಟೀ ಅಂಗಡಿ ಕೆಂಪಣ್ಣ, ‘ಈ ವಾರ ಎಷ್ಟು ಕೇಜಿ ತಂದ್ಯಲಾ ಮೊಳೆಯಾ?’ ಅಂತ ನಗಾಡಿದ. ಕೆಲವರು ಗಾಡಿ ತಳ್ಳಿಕೊಂಡು ಮುಂದಿನ ಅಂಗಡಿಗೇ ಹೋದರು. ಅನ್ನಕ್ಕೂ ಹೆಸರಿಗೂ ಒಟ್ಟಿಗೆ ಕುತ್ತು ಬಂತು.

ಟೈರಿಂದ ಕಿತ್ತ ಚೂರುಗಳನ್ನು ಡಬ್ಬಿಯಿಂದ ಹುಡುಕಿ ತೆಗೆದೆ. ಮರಕ್ಕೆ ಹೊಡೆಯುವ ಗುಂಡು ಮೊಳೆಯಲ್ಲ. ಚಪ್ಪಟೆ, ತುದಿ ಮಾತ್ರ ಕತ್ತರಿಸಿದ್ದು. ಎತ್ತಿನ ಗೊರಸಿಗೆ ಲಾಳ ಹೊಡೆಯುವಾಗ ಮೊಳೆಯ ತುದಿ ಹೊರಗೆ ಬರುತ್ತದೆ, ಅದನ್ನು ಕತ್ತರಿಸಿ ಬೀಳಿಸುತ್ತಾರೆ. ಅಂಥ ತುದಿಗಳು ಇವು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಚ್ಚಿಕೊಂಡಿದ್ದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಅಂದಮೇಲೆ ಚುಚ್ಚಿದ್ದು ನನ್ನ ಅಂಗಡಿ ಮುಂದಲ್ಲ. ಮೂರು ಸಲವೂ ಮಂಗಳವಾರ ಬೇರೆ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಬಸವಣ್ಣನ ದಿನ. ಲಾಳ ಕಟ್ಟಿಸಲು ಅವತ್ತೇ ಬಿಡುವು. ಲಾಳ ಕಟ್ಟುವವರು ಸವಿತಾಳ ಅಪ್ಪ ಸಿದ್ದಣ್ಣನವರೇ! ಮಾರನೇ ಬೆಳಿಗ್ಗೆ ಅವಳ ಗಾಡಿ ಹೊರಡುವುದೂ ಅದೇ ಅಂಗಳದಿಂದ.

ಮುಂದಿನ ಸೋಮವಾರ ಅವರ ಊರಿಗೆ ಹೋದೆ. ಕೆಲಸ ಮುಗಿಸಿ ಅಂಗಳ ಗುಡಿಸುತ್ತಿದ್ದರು. ಕಾಲ ಬುಡದಲ್ಲೇ ಬಿಸಿಲಿಗೆ ಹೊಳೆಯುತ್ತಿದ್ದ ಚೂರುಗಳನ್ನು ಬಿಟ್ಟು ಬರೀ ಮಣ್ಣು ಗುಡಿಸುತ್ತಿದ್ದರು. ಪಕ್ಕದಲ್ಲಿದ್ದ ಸುತ್ತಿಗೆಯನ್ನು ತಡಕಾಡಿ ಎತ್ತಿಕೊಂಡರು. ಎರಡು ಕಣ್ಣಿಗೂ ಪೊರೆ ಬಂದಿತ್ತು.

ನಾನು ಚೂರು ತೋರಿಸಿದಾಗ ನನ್ನ ಕೈ ಹಿಡಿದುಕೊಂಡರು. ‘ಮಗ್ಳಿಗೆ ಏಳ್ಬೇಡ ಕಣಪ್ಪ. ಕಣ್ಣು ಕಾಣಾಕಿಲ್ಲ ಅಂತ ಗೊತ್ತಾದ್ರೆ ಯಾವನು ಎತ್ತು ತತ್ತಾನೆ ನನ್ ತಾವ?’

‘ಏಳಾಕಿಲ್ಲ. ಆದ್ರೆ ಮಂಡ್ಯಕ್ಕೋಗಿ ಪೊರೆ ತೆಗೆಸ್ಕಬೇಕು. ಅಲ್ಲೀಗಂಟ ಲಾಳ ಕಟ್ಟಂಗಿಲ್ಲ.’

‘ಎತ್ತು ತಂದೋರಿಗೆ ಏನನ್ಲಿ?’

‘ಸೊಂಟ ಇಡ್ಕಂಡದೆ ಅನ್ನಿ.’

ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಕೋಲಿಗೆ ಕಟ್ಟಿ ಅಂಗಳವನ್ನೆಲ್ಲ ಸವರಿ, ಕೋಲನ್ನು ಅವರಿಗೇ ಕೊಟ್ಟು ಬಂದೆ.

ಪಂಕ್ಚರ್ ನಿಂತಿತು. ಅದೇ ನನಗೆ ಮುಳುವಾಯಿತು. ಸವಿತಾ ಗಾಡಿ ನಿಧಾನ ಮಾಡಿ, ‘ಉಗಿದ್ಮೇಲೆ ಮೊಳೆ ನಿಂತೋದ್ವಲ್ಲ ರಾಜಣ್ಣ!’ ಅಂದು ಹೋದಳು. ಕೆಂಪಣ್ಣ ಕೇಕೆ ಹಾಕಿ ನಕ್ಕ. ಸತ್ಯ ನಾಲಿಗೆ ತುದಿಯಲ್ಲಿತ್ತು. ಟೈರು ಉಜ್ಜುತ್ತಾ ಕೂತೆ.

ಯುಗಾದಿ ಹೊತ್ತಿಗೆ ಸಿದ್ದಣ್ಣನವರ ಎರಡೂ ಕಣ್ಣಿನ ಆಪರೇಷನ್ ಮುಗಿಯಿತು. ಆಮೇಲೊಂದು ಬೆಳಿಗ್ಗೆ ಸವಿತಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿದಳು. ಟೈರಿನಲ್ಲಿ ಗಾಳಿ ಸರಿಯಾಗೇ ಇತ್ತು.

‘ಅಪ್ಪ ಎಲ್ಲಾನೂ ಏಳ್ತು. ಅಷ್ಟು ಜನದ ಮುಂದೆ ಉಗಿಸ್ಕಂಡು ಸುಮ್ನಿದ್ರಲ್ಲ, ಬುದ್ಧಿ ಐತಾ ನಿಮ್ಗೆ?’

ನಾನು ಬಾಯಿ ತೆರೆಯುವ ಮೊದಲೇ ಟೀ ಅಂಗಡಿ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: ‘ಕೆಂಪಣ್ಣ, ಮೊಳೆ ನಮ್ಮನೇವು ಕಣಣ್ಣ. ಇವ್ರವಲ್ಲ!’

ಕೆಂಪಣ್ಣ ಅಣ್ಣ, ನಾನು ಇವ್ರು. ಅಷ್ಟು ಸಾಕಾಗಿತ್ತು.

ಗಾಳಿ ಇಳಿದ ಕಡೆಯೇ ಕಳ್ಳನನ್ನು ಹುಡುಕಬಾರದು, ಗಾಡಿ ಹೊರಟ ಕಡೆಗೆ ಹೋಗಿ ನೋಡಬೇಕು ಅನ್ನುವುದನ್ನು ಈ ಕಸುಬು ನನಗೆ ಕಲಿಸಿತು. ಮಾವನವರು ಈಗ ಮತ್ತೆ ಲಾಳ ಕಟ್ಟುತ್ತಾರೆ, ಕಣ್ಣು ಚೆನ್ನಾಗಿದೆ. ಆದರೂ ಸೋಮವಾರ ಸಾಯಂಕಾಲ ಅವರ ಅಂಗಳದಲ್ಲಿ ಆ ಮ್ಯಾಗ್ನೆಟ್ ಕೋಲು ಆಡಿಸಿ ಬರುವುದು ನನ್ನ ಕೆಲಸ. ಸವಿತಾ ಅದನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ.