ಖಾಜಾಮಿಯಾ ಮಾಸ್ತರರ ಪಂಕ್ಚರ್ ಸೈಕಲ್

ದೇವದುರ್ಗದ ಖಾಜಾಮಿಯಾ ಮಾಸ್ತರರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ಸಿಟ್ಟೆಲ್ಲ ಸೈಕಲ್ಲಿನ ಪಾಲು. ಮಕ್ಕಳ ಮೇಲೆ ಅವರು ಕೈ ಎತ್ತಿದ್ದನ್ನು ಕಂಡವರಿಲ್ಲ. ಎಪ್ಪತ್ತೊಂಬತ್ತನೇ ಇಸವಿಯ ಆ ಸುಗ್ಗಿಯ ಕಾಲದಲ್ಲಿ ವಾರಕ್ಕೆ ನಾಲ್ಕು ದಿನ ಹಾಳು ಸೈಕಲ್ಲು ಅರ್ಧ ದಾರಿಯಲ್ಲಿ ಉಸ್ಸೆಂದು ಕೂತುಬಿಡುತ್ತಿತ್ತು. ನಿಮ್ಮ ನೌಕರಿ ಶಾಲೆಯಲ್ಲೋ ಪಂಕ್ಚರ್ ಅಂಗಡಿಯಲ್ಲೋ ಎಂದು ಹೆಂಡತಿ ಅಕ್ಬರಿ ಬೇಗಂ ರೊಟ್ಟಿ ಕಟ್ಟಿಕೊಡುತ್ತ ಕೆಣಕುತ್ತಿದ್ದಳು.

ಅವರ ಶಾಲೆ ಇದ್ದದ್ದು ಊರಿಂದ ಎಂಟು ಕಿಲೋಮೀಟರ್ ಆಚೆಯ ಒಂದು ದೊಡ್ಡಿಯಲ್ಲಿ. ದೊಡ್ಡಿ ಎಂದರೆ ಕುರಿ ಸಾಕುವವರ ಇಪ್ಪತ್ತು ಮನೆ, ಒಂದು ಬೇವಿನ ಮರ, ಒಂದೇ ಕೋಣೆಯ ಶಾಲೆ. ಅಲ್ಲಿ ಗಂಟೆ ಬಾರಿಸುವವು ಕುರಿಗಳೇ. ಇಬ್ಬನಿ ಬಿದ್ದ ಹುಲ್ಲು ಮೇಯಿಸಿದರೆ ಕುರಿಗೆ ರೋಗ ಬರುತ್ತದೆಂದು ಒಂಬತ್ತರವರೆಗೆ ಕಾಯುತ್ತಾರೆ. ಹುಲ್ಲು ಆರಿದ್ದೇ ಕುರಿ ಹೊರಡುತ್ತವೆ, ಕುರಿಯ ಹಿಂದೆ ಮಕ್ಕಳೂ ಹೊರಡುತ್ತಾರೆ. ಹಾಗಾಗಿ ಏಳೂವರೆಯಿಂದ ಒಂಬತ್ತರವರೆಗೆ ಎಷ್ಟು ಕಲಿಸಿದರೋ ಅಷ್ಟೇ ವಿದ್ಯೆ. ದಾರಿಯಲ್ಲಿ ಪಂಕ್ಚರ್ ಆಯಿತೆಂದರೆ ಮಾಸ್ತರರು ಬಂದು ನೋಡುವುದು ಹೆಚ್ಚುಕಡಿಮೆ ಖಾಲಿ ಕೋಣೆಯನ್ನು.

ಹಿಂದಿನ ವರ್ಷ ತನಿಖೆಗೆ ಬಂದ ಸಾಹೇಬರು ಅಂಥ ಎರಡು ದಿನಗಳಲ್ಲೇ ಬಂದಿದ್ದರು. ಒಮ್ಮೆ ಐದು ಮಕ್ಕಳು, ಒಮ್ಮೆ ಮೂರು. "ಮುಂದಿನ ಸಲ ಹದಿನೈದು ಇರದಿದ್ರ ಶಾಲಿ ಮುಚ್ಚಸ್ತೀನಿ" ಎಂದು ಹೇಳಿ ಹೋದರು. ಮುಚ್ಚಿದರೆ ಮಾಸ್ತರರಿಗೇನು, ಊರಲ್ಲೇ ಕೆಲಸ ಸಿಗುತ್ತಿತ್ತು, ಸೈಕಲ್ಲಿನ ಕಾಟವೂ ತಪ್ಪುತ್ತಿತ್ತು. ಆದರೆ ದೊಡ್ಡಿಯ ಮಕ್ಕಳು ಹಳ್ಳ ದಾಟಿ ಇನ್ನೊಂದು ಶಾಲೆಗೆ ಹೋಗುವ ಮಾತು ಸುಳ್ಳು. ಒಂಬತ್ತು ವರ್ಷದ ಆದೆಮ್ಮ ಆಗಷ್ಟೇ ತನ್ನ ಹೆಸರು ಬರೆಯಲು ಕಲಿತು, ಸಿಕ್ಕ ಗೋಡೆಗೆಲ್ಲ ಇದ್ದಿಲಿನಿಂದ ಬರೆದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದಳು. ಅದನ್ನು ನೆನೆದೇ ಮಾಸ್ತರರು ದಿನಾ ಬೆಳಿಗ್ಗೆ ಮತ್ತೆ ಸೈಕಲ್ ಏರುತ್ತಿದ್ದರು.

ಬಸ್ ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಮಲಂಗಸಾಬ ಒಂದು ದಿನ ರೇಗಿದ. ಅದೇ ಟ್ಯೂಬಿನ ಅದೇ ಜಾಗಕ್ಕೆ ಮೂರನೇ ತೇಪೆ! "ಕಾಂಟಾ ಅಂದರಿಚ್ ಹೈ, ಮಾಸ್ಟರ್ ಸಾಬ್!" ಮುಳ್ಳು ಒಳಗೇ ಕೂತಿದೆ, ನೀವು ಟ್ಯೂಬಿಗೆ ಔಷಧ ಹಚ್ಚುತ್ತಿದ್ದೀರಿ ಎಂದು ಬೈದು, ಒಂದು ಹಿಡಿ ಹತ್ತಿಯನ್ನು ಟೈರಿನ ಒಳಮೈಗೆ ಸುತ್ತಲೂ ಸವರಿದ. ಎಳೆ ಸಿಕ್ಕಿಕೊಂಡ ಕಡೆಯಲ್ಲೆಲ್ಲ ಕಣ್ಣಿಗೆ ಕಾಣದ ಮುಳ್ಳಿನ ಮೊನೆ. ಹನ್ನೊಂದು ಮೊನೆ ಕಿತ್ತು ಮಾಸ್ತರರ ಅಂಗೈಯಲ್ಲಿಟ್ಟ. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಟೈರಿನ ಒಳಗೆ ಹಾಸಿಯೂ ಕೊಟ್ಟ. ಇಷ್ಟು ವರ್ಷ ಪಾಠ ಹೇಳಿಯೂ ತನಗಿದು ಹೊಳೆಯಲಿಲ್ಲವಲ್ಲ ಎಂದು ಮಾಸ್ತರರಿಗೆ ನಾಚಿಕೆಯಾಯಿತು.

ನಾಲ್ಕು ಪಂಕ್ಚರ್ ಎರಡಕ್ಕಿಳಿದವು. ಉಳಿದ ಎರಡು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮಾಸ್ತರರು ನೆಲ ನೋಡುತ್ತ ಸೈಕಲ್ ಹೊಡೆದರು. ಡಾಂಬರು ರಸ್ತೆ ಬಿಟ್ಟು ದೊಡ್ಡಿಯ ಬಂಡಿದಾರಿಗೆ ಇಳಿದ ಮೇಲೆ ಪ್ರತಿ ದಿನವೂ ಹೊಸ ಜಾಲಿಮುಳ್ಳು ಬಿದ್ದಿರುತ್ತಿತ್ತು. ಕಾರಣ ತಿಳಿಯದ್ದೇನಲ್ಲ. ಗೊಬ್ಬರಕ್ಕೆಂದು ರಾತ್ರಿ ಕುರಿಗಳನ್ನು ಹೊಲದಲ್ಲಿ ಕೂಡಿಹಾಕಿ ಸುತ್ತ ಮುಳ್ಳಿನ ಬೇಲಿ ಕಟ್ಟುತ್ತಾರೆ. ಮರುದಿನ ಆ ಮುಳ್ಳನ್ನು ಮುಂದಿನ ಹೊಲಕ್ಕೆ ಸಾಗಿಸುತ್ತಾರೆ. ಕುರಿಯವರಲ್ಲಿ ಹಿರಿಯನಾದ ಬೂದೆಪ್ಪನನ್ನು ಮಾಸ್ತರರು ಬೇವಿನ ಕಟ್ಟೆಯ ಮೇಲೆ ಹಿಡಿದರು.

"ಮುಳ್ಳಿಲ್ದ ಬೇಲಿ ಇರ್ತದೇನ್ರಿ? ತ್ವಾಳ ಬಂದು ನಿಮ್ಮ ಮಗ್ಗಿ ಕೇಳ್ಕೊಂತ ಕುಂದರ್ತಾವೇನು?" ಎಂದ ಬೂದೆಪ್ಪ.

"ಮುಳ್ಳು ಬ್ಯಾಡ ಅಂದಿಲ್ಲೋ ಯಪ್ಪಾ. ಕೋಲಿನ ಮ್ಯಾಲ ಹೇರಿ ಎತ್ತಿ ಒಯ್ದ್ರ ಒಂದು ಮುಳ್ಳೂ ಬೀಳಂಗಿಲ್ಲ. ಯಾರೋ ಮೈಗಳ್ಳರು ದಾರಿಗುಂಟ ಎಳಕೊಂಡು ಹೋಗಾಕತ್ತಾರ. ಅವರ‍್ಯಾರು ಹೇಳು."

ಬೂದೆಪ್ಪ ಹೆಸರು ಹೇಳಲಿಲ್ಲ. "ನಾಳಿ ಆರೂವರಿಗೆ ಬರ್ರಿ. ನೀವ ನೋಡ್ರಿ" ಎಂದಷ್ಟೇ ಅಂದ.

ಮರುದಿನ ಮಾಸ್ತರರು ಕತ್ತಲಿರುವಾಗಲೇ ಹೊರಟರು, ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಳ್ಳುತ್ತ. ಬಂಡಿದಾರಿಯಲ್ಲಿ ಧೂಳೆದ್ದಿತ್ತು. ಧೂಳಿನೊಳಗೆ ಅವರದೇ ಮಕ್ಕಳು! ಹೆಗಲಿಗೆ ಹಗ್ಗ ಹಾಕಿಕೊಂಡು, ಹಿಂದೆ ತಮಗಿಂತ ದೊಡ್ಡ ಜಾಲಿಯ ಕಂಟಿ ಎಳೆಯುತ್ತ, ಬರಿಗಾಲಲ್ಲಿ ಓಡುತ್ತಿದ್ದರು. ಆದೆಮ್ಮ ಪಕ್ಕಕ್ಕೆ ಕೂತು ಹಿಮ್ಮಡಿಯ ಮುಳ್ಳನ್ನು ಇನ್ನೊಂದು ಮುಳ್ಳಿನಿಂದ ಕೆದಕಿ ತೆಗೆಯುತ್ತಿದ್ದಳು.

"ನಿಲ್ರಲೇ! ದಿನಾ ನನ್ನ ಗಾಲಿಗೆ ಮುಳ್ಳು ಹಾಸೋರು ನೀವ ಏನು? ಎತ್ತಿ ಒಯ್ಯಾಕ ಏನ್ ಧಾಡಿ?"

ಹಗ್ಗಗಳು ಕೆಳಗೆ ಬಿದ್ದವು. ಆದೆಮ್ಮನೇ ಎದ್ದು ನಿಂತು ಹೇಳಿದಳು: "ಎತ್ತಿ ಒಯ್ದ್ರ ಎಂಟ್ ಆಗ್ತದ್ರೀ ಮಾಸ್ತರ್ರ. ನೀವು ಬರೂದ್ರಾಗ ಮುಗಸ್ಬೇಕಂತ ಓಡಾಕತ್ತೀವ್ರಿ. ಇಲ್ಲಂದ್ರ ಶಾಲಿ ತಪ್ತದಲ್ರೀ."

ಹೊಂದಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಮಾಸ್ತರರು ತಮಗೇ ಬೈದುಕೊಂಡರು. ಶಾಲೆ ತಪ್ಪಬಾರದೆಂದು ಮಕ್ಕಳು ಓಡಿದಷ್ಟೂ ಮುಳ್ಳು ಉದುರಿ, ಆ ಮುಳ್ಳಿನಿಂದಲೇ ಶಾಲೆ ತಪ್ಪುತ್ತಿತ್ತು. ಇಂಥವರನ್ನು ತಾನು ಮೈಗಳ್ಳರು ಎಂದದ್ದು! ತನ್ನ ಟೈರಿಗೆ ರಬ್ಬರಿನ ಪದರ ಹಾಸಿಸಿಕೊಂಡ ಮನುಷ್ಯ ಆ ಹುಡುಗಿಯ ಹಿಮ್ಮಡಿಯನ್ನು ನೋಡಲಾರದೆ ಮುಖ ತಿರುಗಿಸಿದರು.

ಆಮೇಲೆ ಸೈಕಲ್ಲನ್ನು ಬದುವಿಗೆ ಒರಗಿಸಿ, ಹೊಲದಿಂದ ಒಂದು ಉದ್ದನೆಯ ಕೋಲು ತಂದರು. ಕಂಟಿಯನ್ನು ಅದರ ಮೇಲೆ ಹೇರಿ ಒಂದು ತುದಿ ತಾವು ಹಿಡಿದು, "ಆ ಕಡಿ ಹಿಡಿ ಬಾರವ್ವಾ. ಓಡಬ್ಯಾಡ. ಹೇಳು, ಎರಡೊಂದ್ಲೆ ಎರಡು" ಎಂದರು.

ಅಂದಿನಿಂದ ಶಾಲೆ ಆರೂವರೆಗೆ ಮುಳ್ಳಿನ ಬೇಲಿಯಲ್ಲೇ ಶುರುವಾಯಿತು. ಕೋಲಿಗೆ ಇಬ್ಬರು, ನಿಧಾನ ಹೆಜ್ಜೆ, ಬಾಯಲ್ಲಿ ಮಗ್ಗಿ, ಒಂದೊಂದು ದಿನ ಪದ್ಯ. ಎಂಟಕ್ಕೆ ಕೋಣೆಗೆ ಹೋಗಿ ಸ್ಲೇಟು ಹಿಡಿಯುವುದು. ಮೊದಲು ಕಟ್ಟೆಯ ಮೇಲೆ ಕೂತು ನಗುತ್ತಿದ್ದ ಬೂದೆಪ್ಪನೂ ಹದಿನೈದು ದಿನಕ್ಕೆ ಒಂದು ಕೋಲಿನ ತುದಿ ಹಿಡಿದ. ಪಂಕ್ಚರ್ ತಿಂಗಳಿಗೊಂದಾಯಿತು. ಗಿರಾಕಿ ಕಳೆದುಕೊಂಡೆ ಎಂದು ಮಲಂಗಸಾಬ ಚಹಾ ಕುಡಿಸಿ ಗೊಣಗಿದ.

ಚಳಿಗಾಲ ಮುಗಿಯುವ ಹೊತ್ತಿಗೆ ಸಾಹೇಬರ ಜೀಪು ಬಂತು. ಏಳೂವರೆಗೆ ಶಾಲೆಗೆ ಬೀಗ! ಅವರು ಪುಸ್ತಕ ತೆಗೆದು 'ಶಾಲೆ ತೆರೆದಿಲ್ಲ' ಎಂದು ಬರೆದರು. ಅಷ್ಟರಲ್ಲಿ ಹೊಲದ ಕಡೆಯಿಂದ ಮಗ್ಗಿ ಕೇಳಿಸಿತು. ದನಿ ಹಿಡಿದು ನಡೆದು ಹೋದವರು ಬದುವಿನ ಮೇಲೆ ನಿಂತುಬಿಟ್ಟರು.

"ಏನ್ರೀ ಇದು? ಸರ್ಕಾರದ ಪಗಾರ ತಗೊಂಡು ಮಕ್ಕಳ ಕೈಲೆ ಮುಳ್ಳು ಹೊರಸಾಕತ್ತೀರಿ?"

ಮಾಸ್ತರರು ಕೈಯಲ್ಲಿದ್ದ ಕೋಲನ್ನು ಕೆಳಗಿಡಲಿಲ್ಲ.

"ಇಲ್ರೀ ಸಾಹೇಬ್ರ. ಮುಳ್ಳು ಅವರು ಮೊದ್ಲಿಂದ ಹೊರ್ತಿದ್ರು. ನಾನು ಪಾಠ ಅಷ್ಟ ತಂದೀನಿ."

ಹದಿಮೂರೇಳ್ಲೆ ಎಷ್ಟು ಎಂದು ಸಾಹೇಬರು ಆದೆಮ್ಮನನ್ನು ಕೇಳಿದರು. ಹೆಗಲ ಮೇಲಿನ ಕೋಲು ಇಳಿಸದೆ ಅವಳು ತೊಂಬತ್ತೊಂದು ಎಂದಳು. ಅವರು ಬೆರಳು ಮಾಡಿ ತಲೆ ಎಣಿಸಿದರು, ಹತ್ತೊಂಬತ್ತು. ಬರೆದಿದ್ದ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಹತ್ತೊಂಬತ್ತು ಎಂದಷ್ಟೇ ಬರೆದರು. ಆಮೇಲೆ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸಣ್ಣ ಹುಡುಗನೊಬ್ಬ ಏದುಸಿರು ಬಿಡುತ್ತ ಹಿಡಿದಿದ್ದ ಕೋಲಿನ ತುದಿಗೆ ತಾವೂ ಕೈ ಹಚ್ಚಿದರು.