ಹುಲಿಗೆವ್ವನವರ ಇಂಗ್ಲಿಷ್ ಪರಿಚಯ

ನಾಲಿಗೆ ತೊದಲಬಹುದಿತ್ತು. ಕನ್ನಡಕ ಆಫೀಸಿನಲ್ಲೇ ಉಳಿದುಬಿಡಬಹುದಿತ್ತು. ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಸಾಲಿಗೆ ಸಿಕ್ಕಿ, ನಾನು ಮುಟ್ಟುವಷ್ಟರಲ್ಲಿ ಅತಿಥಿಗಳು ಉಂಡು ಎದ್ದಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ನಗಬಹುದಿತ್ತು.

ಬಿಸಿಲಿಗೆ ಹಾಕಲೆಂದು ಇವತ್ತು ಹಳೆಯ ಕೋಟು ತೆಗೆದೆ ನೋಡಿ, ಒಳಜೇಬಿನಿಂದ ದೇವಿಯ ಭಂಡಾರದ, ಅಂದರೆ ಅರಿಸಿನ ಪುಡಿಯ, ವಾಸನೆಯ ಹಾಳೆಯೊಂದು ಬಿತ್ತು. ಆ ಸಂಜೆಯ ಚಿಂತೆಗಳೆಲ್ಲ ಒಂದೊಂದಾಗಿ ಹಾಜರಿ ಹಾಕಿದವು. ಮಗಳು ಹಾಳೆ ಬಿಡಿಸಿ ಓದಿದಳು.

"ಅಪ್ಪಾ, ಇಂಗ್ಲೀಷ್ನಾಗ ಒಬ್ರಿಗೇ 'ದೇ' ಅಂತ ಬರ್ದೀರಲ್ಲ. ಇದು ನಮ್ ಕಾಲದ್ದು. ನಿಮಗ ಆಗ್ಲೇ ಹೆಂಗ ಗೊತ್ತಿತ್ತು?"

ಹೆದರಿ ಬರೆದದ್ದು ಎಂದೆ. ನಾನು ಮಾಡಿರುವ ಒಳ್ಳೆಯ ಕೆಲಸಗಳೆಲ್ಲ ಹೆದರಿ ಮಾಡಿದವೇ.

ಆಗ ಅದಿರಿನ ಅಬ್ಬರದ ಕಾಲ. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ನಾನು ಹೊಸಪೇಟೆಯ ಒಂದು ಲಾರಿ ಸಾಗಾಣಿಕೆ ಆಫೀಸಿನಲ್ಲಿ ಗುಮಾಸ್ತ. ಡ್ರೈವರುಗಳನ್ನು ಕೂಗಿ ಕರೆದು ರುಜು ಹಾಕಿಸುವುದು, ಇಂಗ್ಲಿಷ್ ಪತ್ರ ಬರೆಯುವುದು, ಎರಡೂ ನನ್ನ ಪಾಲಿನವು. ಅದಿರು ಕೊಳ್ಳಲು ಬಂದ ಪರದೇಶದವರಿಗೆ ನಮ್ಮ ಸಾಹುಕಾರರು ಸಂಡೂರಿನ ಗೆಸ್ಟ್ ಹೌಸಿನಲ್ಲಿ ಊಟ ಇಟ್ಟುಕೊಂಡರು. ಊಟಕ್ಕೆ ಮೊದಲು ಚೌಡಿಕೆ ನುಡಿಸಿ ಹಾಡಲು ಕಂಪ್ಲಿ ಕಡೆಯ ಹುಲಿಗೆವ್ವನವರಿಗೆ ಹೇಳಿಕಳಿಸಿದರು. ಹುಲಿಗೆವ್ವ ಜೋಗತಿ, ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟವರು. ಅವರನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ಕೆಲಸ ನನ್ನ ತಲೆಗೆ ಬಂತು.

ಅವರೇ ಒಂದು ದಿನ ಆಫೀಸಿಗೆ ಬಂದು ಎದುರು ಕುಳಿತರು.

"ಹೋದ ಸಲ ಒಂದ್ ಹೋಟೆಲ್ನಾಗ ಮೈಕ್ ಹಿಡ್ದಾವ ನನ್ ಬಗ್ಗೆ 'ಹೀ' ಅಂದ, ಮಂದಿ ನಕ್ಕರು. ಗಾಬರ್ಯಾಗಿ 'ಶೀ' ಅಂದ, ಇನ್ನಾ ನಕ್ಕರು. ಚೌಡಿಕಿ ಚೀಲಕ್ಕ ಹಾಕ್ಕೊಂಡು ಬಂದಬಿಟ್ಟೆ."

"ನಿಮಗ ಇಂಗ್ಲೀಷ್ ತಿಳೀತೈತೇನ್ರಿ?"

"ಇಲ್ರಿ. ನಗೋದು ತಿಳೀತೈತಿ. ಈ ಸಲಾನೂ ನಕ್ಕರ, ಇನ್ನ ಯಾವ ಸ್ಟೇಜೂ ಹತ್ತಂಗಿಲ್ಲ ನೋಡ್ರಿ."

"ಹಂಗಾದ್ರ ಏನಂತ ಬರೀಲಿ?"

"ಊರಾಗ 'ಅವ್ರು ಬಂದ್ರು, ಅವ್ರು ಹೋದ್ರು' ಅಂತಾರ. ಅಷ್ಟ ಬರೀರಿ. ಅದಕ್ಯಾಕ ಇಷ್ಟು ಬೆವರ್ತೀರಿ?"

ಅಷ್ಟನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. 'ದೇ' ಅನ್ನಬೇಕಾದರೆ ಕನಿಷ್ಠ ಇಬ್ಬರಿರಬೇಕು ಎಂದು ಕಿವಿ ಹಿಂಡಿದ್ದ ಮಾಸ್ತರು ಕನಸಿನಲ್ಲಿ ಬಂದರು. ಕಡೆಗೆ ನಿಘಂಟಿನಲ್ಲಿ ಒಂದು ವಾಕ್ಯ ಸಿಕ್ಕಿತು: ಯಾರೋ ತಮ್ಮ ಕೊಡೆ ಮರೆತುಹೋಗಿದ್ದಾರೆ. ಕೊಡೆ ಮರೆತವರು ಗಂಡೋ ಹೆಣ್ಣೋ ತಿಳಿಯದೆ, ಒಬ್ಬರೇ ಆದರೂ, ಇಂಗ್ಲಿಷಿನವರು 'ದೇ' ಎನ್ನುತ್ತಿದ್ದರು. ಮುಖವನ್ನೇ ಕಾಣದ ಆಸಾಮಿಗೆ ಸಿಗುವ ಅನುಕೂಲ, ಎದುರು ಕುಳಿತು ಚಹಾ ಕುಡಿದ ಹುಲಿಗೆವ್ವನವರಿಗೆ ಯಾಕೆ ಸಿಗಬಾರದು? ಹಾಳೆ ತುಂಬ 'ದೇ' ಬರೆದೆ. ಕನ್ನಡಿಯ ಮುಂದೆ ಓದಿ ಓದಿ ಹೆಂಡತಿಯ ನಿದ್ದೆ ಕೆಡಿಸಿದೆ.

ಆ ಸಂಜೆ ಕರೆಂಟು ಹೋಗಲಿಲ್ಲ. ಕನ್ನಡಕ ಮೂಗಿನ ಮೇಲೇ ಇತ್ತು. ಓದಿ ಮುಗಿಸಿದೆ, ಯಾರೂ ನಗಲಿಲ್ಲ. ಪರದೇಶದವರೊಬ್ಬರು ಎದ್ದು ಹುಲಿಗೆವ್ವನವರಿಗೆ ಕೈಮುಗಿದರು. ಎದೆಯ ಮೇಲಿನ ಭಾರ ಇಳಿದ ಆ ಹಗುರದಲ್ಲಿ ಅವರ ಕಡೆ ತಿರುಗಿ, ಮೈಕಿನಲ್ಲೇ, ದಿನವೂ ಡ್ರೈವರುಗಳನ್ನು ಕರೆಯುವ ದನಿಯಲ್ಲಿ ಅಂದುಬಿಟ್ಟೆ:

"ಬಾರಪ್ಪ, ಸುರು ಮಾಡು."

ಬಾಗಿಲಲ್ಲಿ ನಿಂತಿದ್ದ ನಮ್ಮ ಜನರೆಲ್ಲ ಉಸಿರು ಹಿಡಿದರು. ಹುಲಿಗೆವ್ವನವರ ಕೈ ಚೌಡಿಕೆಯ ಚೀಲದ ಮೇಲೆ ನಿಂತಿತು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೈಕು ಇಸಿದುಕೊಂಡರು.

"ಬಂದೆ ತಡಿಯವ್ವ. ಅವಸರ ಮಾಡಬ್ಯಾಡ."

ಸಾಹುಕಾರರು ಬಿದ್ದು ಬಿದ್ದು ನಕ್ಕರು, ಅಡುಗೆಯವರು ನಕ್ಕರು, ಏನೂ ತಿಳಿಯದ ಪರದೇಶದವರೂ ನಕ್ಕರು. ಹುಲಿಗೆವ್ವ ತಾವೂ ನಕ್ಕು, ಆ ನಗೆ ಇಳಿಯುವ ತನಕ ತಂತಿ ಬಿಗಿ ಮಾಡಿಕೊಳ್ಳುತ್ತ ಕಾದರು. ಆಮೇಲೆ ಹಾಡಿದರು. ಊಟ ಆರಿಹೋಯಿತು, ಯಾರೂ ಏಳಲಿಲ್ಲ.

ಅವತ್ತಿನಿಂದ ಹುಲಿಗೆವ್ವನವರಿಗೆ ನಾನು ಅವ್ವನೇ. ಇವತ್ತೂ ಮಗಳ ಕೈಯಿಂದ ಹಾಳೆ ಇಸಿದುಕೊಂಡು ತರಕಾರಿ ಮಾರ್ಕೆಟ್ಟಿಗೆ ಹೋದರೆ, ಜನರ ನಡುವಿನಿಂದ ಅದೇ ದನಿ: "ಆರಾಮದೀಯೇನವ್ವ?"

ಬೇರೆ ದಿನವಾಗಿದ್ದರೆ ಯಾರು ಕೇಳಿಸಿಕೊಂಡರೋ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ. ಇವತ್ತು ಬದನೆಕಾಯಿ ಆರಿಸುತ್ತಲೇ, ನಾಲ್ಕು ಜನಕ್ಕೆ ಕೇಳುವಂತೆ, "ಆರಾಮದೀನ್ರಿ" ಎಂದೆ.