ಉಲ್ಟಾ ಮಗ್ಗಲು ನೋಡುವ ಹಕ್ಕು

ಭಾಲ್ಕಿಯಲ್ಲಿ ಕಸೂತಿ ಹಾಕಿದ ಬಟ್ಟೆಯನ್ನು ಯಾರೂ ಮುಂಬದಿ ನೋಡಿ ಒಪ್ಪಿಕೊಳ್ಳುವುದಿಲ್ಲ. ಕೈಗೆ ಬಂದ ಕೂಡಲೇ ಉಲ್ಟಾ ಮಾಡುತ್ತಾರೆ. ದಾರ ಎಲ್ಲಿ ಗಂಟುಗಟ್ಟಿದೆ, ಎಲ್ಲಿ ಜೋತಾಡುತ್ತಿದೆ ಎಂದು ಬೆರಳಾಡಿಸುತ್ತಾರೆ. ಅಲ್ಲಿ ಕಂಪ್ಯೂಟರ್ ಕಸೂತಿಯ ಅಂಗಡಿ ಇಟ್ಟಿರುವ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಇದನ್ನು ಅವಮಾನವೆಂದು ತಿಳಿದವರಲ್ಲ. ತಾವೇ ಮೊದಲು ತಿರುವಿ ಕೊಡುತ್ತಾರೆ. ಬೀದರಿನ ಮೈಲೂರಿನಲ್ಲಿ ಕುಳಿತು ತಂತ್ರಾಂಶ ಬರೆಯುವ ನಾನು ಈ ಪದ್ಧತಿಯನ್ನು ಬಹಳ ಕಾಲ ಬರೀ ಗೀಳೆಂದೇ ಎಣಿಸಿದ್ದೆ.

ವೈನಿಯ ಹೆಸರು ಹಬ್ಬಿದ್ದು ಒಂದು ಅರಳಿ ಎಲೆಯಿಂದ. ನಮ್ಮಂಥ ಬೌದ್ಧ ಮನೆತನಗಳಲ್ಲಿ ಮದುಮಗಳು ಬಿಳಿ ಸೀರೆ ಉಡುತ್ತಾಳೆ. ವೈನಿ ಆ ಬಿಳಿಯ ಮೇಲೆ ಬಿಳಿ ದಾರದಲ್ಲೇ ಎಲೆ ಮೂಡಿಸುತ್ತಾರೆ. ಬಣ್ಣದ ನೆರವಿಲ್ಲ. ಹೊಲಿಗೆ ಯಾವ ಕಡೆ ವಾಲಿದೆ ಎಂಬುದರಿಂದಲೇ ಎಲೆಯ ನರಗಳಿಗೆ ಬೆಳಕು ಸಿಗಬೇಕು. ಔರಾದಿನ ಒಂದು ಮನೆಯ ಹಿರಿಯ ಮಗಳು ಈ ಎಲೆಯ ಸೀರೆಯಲ್ಲೇ ಮದುವೆಯಾಗಿದ್ದಳು. ಕಿರಿಯಳೂ ತನ್ನ ಮದುವೆಗೆ ಅದನ್ನೇ ಕೇಳಿದಳು. ವೈನಿ ಮಾತು ಕೊಟ್ಟರು. ಕಂಪ್ಯೂಟರ್ ಮಾತ್ರ ಕೊಡಲಿಲ್ಲ.

ಯಂತ್ರದ ಜೊತೆಗೇ ಕೊಂಡಿದ್ದ ತಂತ್ರಾಂಶ ತನ್ನನ್ನು ತಾನೇ ಹೊಸದಾಗಿಸಿಕೊಂಡು, ಹಳೆಯ ವಿನ್ಯಾಸಗಳನ್ನು ತೆರೆಯಲಾರೆ ಎಂದು ಕೂತಿತ್ತು. ಎಲೆ ವೈನಿಯದು, ಕಂಪ್ಯೂಟರ್ ವೈನಿಯದು, ಕೀಲಿ ಕಂಪನಿಯದು. ಫೋನಿನಲ್ಲಿ ಸಿಕ್ಕ ಕಂಪನಿಯ ಪ್ರತಿನಿಧಿ, ಹಳೆಯದನ್ನು ಕೈಬಿಟ್ಟಿದ್ದೇವೆ ಎಂದ. ಹಾಗಾದರೆ ನಮ್ಮ ಪ್ರಜ್ಞಾ ಒಳಗೆ ಬಿಚ್ಚಿ ನೋಡುತ್ತಾಳೆ ಎಂದು ವೈನಿ ನನ್ನ ಹೆಸರು ಹೇಳಿದರು. ಬಿಚ್ಚಿ ನೋಡುವುದು ಅಪರಾಧ, ನೀವು ಕರಾರಿಗೆ ಒಪ್ಪಿದ್ದೀರಿ ಎಂದು ಆತ ದನಿ ಗಟ್ಟಿ ಮಾಡಿದ. ವೈನಿ ಶಾಂತವಾಗಿಯೇ ಕೇಳಿದರು:

“ಹಂಗಾರ ನಾ ಹೊಲದದ್ದೂ ಯಾರೂ ಉಲ್ಟಾ ಮಾಡಿ ನೋಡಬಾರದೇನ್ರಿ, ಸಾಹೇಬ್ರ?”

ಉತ್ತರದ ಬದಲು ಆ ಕಡೆಯಿಂದ ಕರೆ ಕಾಯಿಸುವ ಸಂಗೀತ ಬಂತು.

ಫೋನ್ ಇಟ್ಟ ಮೇಲೆ ವೈನಿಗೂ ಅಂಜಿಕೆಯಾಯಿತು. ಎಲೆಗೋಸ್ಕರ ಅಂಗಡಿಗೇ ನೋಟಿಸು ಬಂದರೆ? ಹಾಗಾಗಿ ತಂತ್ರಾಂಶಕ್ಕಿಂತ ಮೊದಲು ನಾನು ಕೃತಿಸ್ವಾಮ್ಯ ಕಾಯ್ದೆಯನ್ನು ಬಿಚ್ಚಿದೆ. ಅದರ ಐವತ್ತೆರಡನೆಯ ಕಲಮಿನ ಪ್ರಕಾರ, ನ್ಯಾಯವಾಗಿ ಪ್ರತಿ ಪಡೆದವರು ತಂತ್ರಾಂಶದ ನಡೆಯನ್ನು ಗಮನಿಸಬಹುದು, ಅಭ್ಯಸಿಸಬಹುದು, ಪರೀಕ್ಷಿಸಬಹುದು. ಸ್ವತಂತ್ರವಾಗಿ ಬರೆದ ಇನ್ನೊಂದು ತಂತ್ರಾಂಶ ಅದರೊಡನೆ ಹೊಂದಿ ನಡೆಯಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಪಡೆಯಲು ಅಗತ್ಯವಾದದ್ದನ್ನೂ ಮಾಡಬಹುದು. ಆದರೆ ನಾವು ಓದದೆ ಒತ್ತುವ ‘ಒಪ್ಪಿದ್ದೇನೆ’ ಎಂಬ ಗುಂಡಿ ಈ ಹಕ್ಕನ್ನು ಕಸಿಯಬಲ್ಲದೇ ಎಂಬ ಪ್ರಶ್ನೆಗೆ ಆ ಕಲಮು ನೇರ ಉತ್ತರ ಕೊಡುವುದಿಲ್ಲ. ಆ ಮೌನದಲ್ಲೇ ಕಂಪನಿಗಳು ಆರಾಮಾಗಿ ಮಲಗಿವೆ. ಶಾಸನಸಭೆಯಲ್ಲಿ ಕುಳಿತವರು ಇದನ್ನು ಸ್ಪಷ್ಟವಾಗಿ ಬರೆಯಬೇಕು. ಕರಾರು ಬರೆಯುವವರು, ಹಣ ಪಡೆದು ಮಾರುತ್ತಿರುವುದು ವಸ್ತುವೋ ಬರೀ ಅದರ ನೆರಳೋ ಎಂದು ಮಾರುವ ಮೊದಲೇ ಹೇಳಬೇಕು. ಕಾನೂನು ತಿಳಿಯದ ಅಂಗಡಿಯವಳನ್ನು ‘ಅಪರಾಧ’ ಎಂಬ ಒಂದೇ ಪದದಿಂದ ಸುಮ್ಮನಾಗಿಸುವುದು ವ್ಯಾಪಾರವಲ್ಲ, ದಬ್ಬಾಳಿಕೆ.

ಇಷ್ಟು ಕಾವೇರಿದ ಮೇಲೆ ಕೆಲಸಕ್ಕೆ ಕುಳಿತೆ. ಒಳಗೆ ನೋಡಿದೆ, ವಿನ್ಯಾಸವನ್ನು ಅವರು ಬರೆದಿಡುವ ಕ್ರಮವನ್ನಷ್ಟೇ ಅರಿತುಕೊಂಡೆ, ಅದನ್ನು ಓದಿ ಯಂತ್ರಕ್ಕೆ ಒಪ್ಪಿಸುವ ಒಂದು ಪುಟ್ಟ ತಂತ್ರಾಂಶವನ್ನು ನಾನೇ ಬರೆದೆ. ಅರಳಿ ಎಲೆ ಮತ್ತೆ ಬಿಳಿಯ ಮೇಲೆ ಬಿಳಿಯಾಗಿ ಎದ್ದು ಬಂತು. ಔರಾದಿನಿಂದ ಮದುಮಗಳ ತಾಯಿ ಬಂದರು. ಸೀರೆಯನ್ನು ಉಲ್ಟಾ ಮಾಡಿ, ನರದ ಹಿಂದೆ ಬೆರಳಾಡಿಸಿ, ಮಡಚಿ ಎದೆಗವಚಿಕೊಂಡರು.

ಅವರು ಹೋದ ಮೇಲೆ ವೈನಿ, ಕಂಪನಿಯವರ ಉಲ್ಟಾ ಮಗ್ಗಲು ಹೇಗಿತ್ತೆಂದು ಕೇಳಿದರು. ಎಲ್ಲಿ ನೋಡಿದರೂ ಗಂಟು, ಕತ್ತರಿಸದೆ ಬಿಟ್ಟ ದಾರ ಎಂದೆ.

“ಅದಕ್ಕ ನೋಡಬ್ಯಾಡ್ರಿ ಅಂದಾರ,” ಎಂದು ನಕ್ಕರು ವೈನಿ. “ಇರ್ಲಿ, ಪ್ರಜ್ಞಾ, ನೀ ಬರದದ್ದು ತೋರ್ಸು. ನಿಂದರ ಹ್ಯಾಂಗದ ನೋಡೂಣು.”

ಅವಸರದಲ್ಲಿ ಬರೆದದ್ದು, ಅದರಲ್ಲೂ ಗಂಟುಗಳಿದ್ದವು. ನನ್ನ ಕೈ ತಾನಾಗಿಯೇ ಲ್ಯಾಪ್‌ಟಾಪ್ ಮುಚ್ಚಲು ಹೋಯಿತು. ಅರ್ಧ ಮುಚ್ಚಿದ್ದನ್ನು ಮತ್ತೆ ತೆರೆದು, ವೈನಿಯ ಕಡೆ ತಿರುಗಿಸಿದೆ.